ಜಪಾನೀಸ್‌ನ ‘ಶಿನ್‌ಶಿ’: ಪದೇ ಪದೇ ಕೇಳೋ ಪ್ರಶ್ನೆಗಳು

ಜಪಾನೀಸ್ ಕಲಿತು ಸ್ವಲ್ಪ ಮುಂದೆ ಹೋದವರಿಗೆ, ಅದರಲ್ಲೂ ಜಪಾನಿ ಕಂಪನಿಗಳ ಜೊತೆ ಮೇಲ್, ಮೀಟಿಂಗ್ ಅಂತ ಓಡಾಡೋರಿಗೆ, ಈ ಪದ ಎದುರಾಗದೇ ಇರಲ್ಲ. ಡಿಕ್ಷನರಿ ನೋಡಿದ್ರೆ ‘ಪ್ರಾಮಾಣಿಕ, ಶ್ರದ್ಧೆಯ’ ಅಂತ ಎರಡು ಮಾತಲ್ಲಿ ಮುಗಿಸಿಬಿಡತ್ತೆ, ಆದ್ರೆ ಎಲ್ಲಿ ಹಾಕ್ಬೇಕು ಎಲ್ಲಿ ಹಾಕ್ಬಾರ್ದು ಅನ್ನೋದು ಅಷ್ಟರಲ್ಲಿ ಗೊತ್ತಾಗಲ್ಲ. ಕನ್ನಡದಲ್ಲಿ ಇದರ ಬಗ್ಗೆ ಬಿಡಿಸಿ ಬರೆದಿದ್ದು ನನಗೆ ಸಿಗಲಿಲ್ಲ, ಅದಕ್ಕೆ ಎಲ್ಲಾ ಪ್ರಶ್ನೆ ಒಂದೇ ಕಡೆ ಹಾಕ್ತಿದೀನಿ.

ಶಿನ್‌ಶಿ ಅಂದ್ರೆ ಒಂದೇ ಸಾಲಲ್ಲಿ ಏನು?

ಎದುರಿಗೆ ಬಂದಿರೋ ವಿಷಯವನ್ನ, ಅದು ಕೆಲಸ ಇರಲಿ, ಟೀಕೆ ಇರಲಿ, ಕಾಯಿಲೆ ಇರಲಿ, ಮುಖ ತಿರುಗಿಸದೆ, ಸುಳ್ಳು ಸೇರಿಸದೆ, ಪೂರ್ತಿ ಮನಸ್ಸಿಟ್ಟು ಎದುರಿಸೋ ರೀತಿ. ಇಲ್ಲಿ ‘ರೀತಿ’ ಅನ್ನೋದು ಮುಖ್ಯ. ಒಳಗೆ ಎಷ್ಟು ಒಳ್ಳೆ ಭಾವನೆ ಇದೆ ಅನ್ನೋದಕ್ಕಿಂತ, ಆ ವಿಷಯದ ಮುಂದೆ ನೀವು ಹೇಗೆ ನಿಂತಿದೀರಿ ಅನ್ನೋದನ್ನ ಈ ಪದ ಹೇಳತ್ತೆ. ಈ ಒಂದು ಮಾತು ಮನಸ್ಸಲ್ಲಿದ್ರೆ ಕೆಳಗಿನ ಅರ್ಧ ಪ್ರಶ್ನೆಗೆ ಉತ್ತರ ನಿಮಗೇ ಹೊಳೆಯತ್ತೆ.

ಉಚ್ಚಾರ ಹೇಗೆ? ಜಂಟಲ್‌ಮನ್ ಅನ್ನೋದಕ್ಕೂ ಶಿನ್‌ಶಿ ಅಂತಾರಲ್ಲ?

ಶಿ, ನ್, ಶಿ ಅಂತ ಮೂರು ಮಾತ್ರೆ. ನಡುವಿನ ‘ನ್’ಗೂ ಒಂದು ಪೂರ್ತಿ ಮಾತ್ರೆ ಕೊಡ್ಬೇಕು, ನಾವು ‘ಶಿನ್ಶಿ’ ಅಂತ ಒತ್ತಿ ಬೇಗ ಹೇಳಿಬಿಡ್ತೀವಿ, ಹಾಗಲ್ಲ. ದನಿ ಮೊದಲ ‘ಶಿ’ಲಿ ಮೇಲಿದ್ದು ಆಮೇಲೆ ಇಳಿಯತ್ತೆ. ಜಂಟಲ್‌ಮನ್ ಅನ್ನೋ ಅರ್ಥದ ಶಿನ್‌ಶಿಗೂ ಇದೇ ಉಚ್ಚಾರ, ಇದೇ ಏರಿಳಿತ, ಆದ್ರೆ ಕಾಂಜಿ (ಚೀನೀ ಮೂಲದ ಬರಹದ ಅಕ್ಷರ) ಪೂರ್ತಿ ಬೇರೆ, ಪದವೂ ಬೇರೆ. ಕಿವಿಗೆ ಕೇಳಿದಾಗ ಪಕ್ಕದ ಪದಗಳಿಂದ ತಿಳ್ಕೋಬೇಕು: ‘ಶಿನ್‌ಶಿ ನ ತೈದೊ’ ಅಂದ್ರೆ ಶ್ರದ್ಧೆಯ ನಡವಳಿಕೆ, ‘ಶಿನ್‌ಶಿತೆಕಿ ನ ತೈದೊ’ ಅಂದ್ರೆ ಸಭ್ಯ ಗಂಡಸಿನ ನಡವಳಿಕೆ. ಆ ‘ತೆಕಿ’ ಇದ್ಯಾ ಇಲ್ವಾ ಅಂತ ಗಮನಿಸಿ.

ಕಾಂಜಿ ತುಂಬಾ ಕಷ್ಟ ಇದೆ, ನೆನಪಿಟ್ಕೊಳ್ಳೋದು ಹೇಗೆ?

ಮೊದಲನೇದು ಸುಲಭ, ‘ನಿಜ’ ಅನ್ನೋ ಅರ್ಥದ್ದು, 10 ಗೆರೆ. ಮಜಿಮೆಯ ಮೊದಲ ಅಕ್ಷರ ಇದೇ, ಶಿನ್‌ಕೆನ್‌ದೂ ಇದೇ (ಈ ಪದಗಳ ಅರ್ಥ ಕೆಳಗೆ ಬರತ್ತೆ), ಹಾಗಾಗಿ ನೀವು ಮೊದಲೇ ಕಲಿತಿರ್ತೀರಿ.

ಎರಡನೇದು 15 ಗೆರೆ. ಹೆದರ್ಕೋಬೇಡಿ, ಬಿಡಿಸಿ ನೋಡಿ. ಮೇಲೆ ‘ಹಿಡಿ’ ಅನ್ನೋ ಅರ್ಥದ ಕಾಂಜಿ, ಕೆಳಗೆ ‘ಕೈ’. ಆ ಮೇಲಿನದನ್ನ ಮತ್ತೆ ಒಡೆದ್ರೆ ಎಡಗಡೆ ‘ಸುಖ’ದ ಕಾಂಜಿ ಥರ ಕಾಣತ್ತೆ, ಬಲಗಡೆ ‘ದುಂಡು’ ಅನ್ನೋದರ ಥರ. ನಿಜಕ್ಕೂ ಎಡಗಡೆ ಇರೋದು ಹಳೇ ಕಾಲದ ಕೈಕೋಳದ ಚಿತ್ರ ಅಂತ ಲಿಪಿ ಓದಿದವರು ಹೇಳ್ತಾರೆ. ಅಂದ್ರೆ ಇಡೀ ಅಕ್ಷರದಲ್ಲಿ ಇರೋದು ಕೈಯಲ್ಲಿ ಗಟ್ಟಿಯಾಗಿ ಹಿಡಿಯೋದು, ಬಿಡದೇ ಇರೋದು. ‘ನಿಜ’ ಪ್ಲಸ್ ‘ಬಿಡದ ಹಿಡಿತ’, ಇಷ್ಟು ನೆನಪಿದ್ರೆ ಅರ್ಥವೂ ಕೂತ್ಕೊಳತ್ತೆ ಅಕ್ಷರವೂ ಕೂತ್ಕೊಳತ್ತೆ. ಜಪಾನ್ ಸರ್ಕಾರದ ದಿನಬಳಕೆ ಕಾಂಜಿ ಪಟ್ಟಿಗೆ, ಅಂದ್ರೆ ಜೋಯೋ ಕಾಂಜಿಗೆ, ಈ ಅಕ್ಷರ ಸೇರಿದ್ದೇ 2010ರಲ್ಲಿ, ಆ ಸಲ 196 ಹೊಸ ಅಕ್ಷರ ಸೇರಿಸಿ 5 ತೆಗೆದು ಒಟ್ಟು 2136 ಮಾಡಿದ್ರು. ಪಟ್ಟಿಯಲ್ಲಿ ಈ ಅಕ್ಷರಕ್ಕೆ ಕೊಟ್ಟಿರೋ ಉದಾಹರಣೆ ಕೂಡ ಶಿನ್‌ಶಿನೇ, ಬೇರೆ ಪದದಲ್ಲಿ ಇದು ಕಾಣ್ಸೋದು ಅಪರೂಪ. ಇಷ್ಟು ಕಷ್ಟದ ಅಕ್ಷರವನ್ನ ಹೆಚ್ಚುಕಮ್ಮಿ ಒಂದೇ ಪದಕ್ಕೋಸ್ಕರ ಪಟ್ಟಿಗೆ ತಗೊಂಡಿದಾರೆ ಅಂದ್ರೆ ಆ ಪದ ಅವರಿಗೆ ಎಷ್ಟು ಬೇಕಾಗಿದೆ ನೋಡಿ.

ವಾಕ್ಯದಲ್ಲಿ ಹೇಗೆ ಹಾಕೋದು?

ಇದು ‘ನ’ ವಿಶೇಷಣ. ನಾಮಪದದ ಮುಂದೆ ಬಂದ್ರೆ ‘ಶಿನ್‌ಶಿ ನ’, ಕ್ರಿಯಾಪದದ ಮುಂದೆ ಬಂದ್ರೆ ‘ಶಿನ್‌ಶಿ ನಿ’, ಗುಣವನ್ನೇ ನಾಮಪದ ಮಾಡ್ಬೇಕಂದ್ರೆ ‘ಶಿನ್‌ಶಿಸ’. ನಮಗೆ ಇದನ್ನ ಇಂಗ್ಲಿಷ್ ಮೂಲಕ ಕಲಿಸ್ತಾರೆ, ಅದಕ್ಕೇ ಗೊಂದಲ ಆಗೋದು, ನೇರ ಕನ್ನಡದಿಂದ ಹೋದ್ರೆ ಕಷ್ಟಾನೇ ಇಲ್ಲ. ‘ಪ್ರಾಮಾಣಿಕವಾದ ಉತ್ತರ’ದಲ್ಲಿ ‘ಆದ’ ಇದ್ಯಲ್ಲ ಅದು ‘ನ’, ‘ಪ್ರಾಮಾಣಿಕವಾಗಿ ಉತ್ತರಿಸು’ದಲ್ಲಿ ‘ಆಗಿ’ ಇದ್ಯಲ್ಲ ಅದು ‘ನಿ’. ಪದಗಳ ಕ್ರಮವೂ ನಮ್ಮದೇ, ಕ್ರಿಯಾಪದ ಕೊನೇಲಿ.

ಯಾವ ಯಾವ ಕ್ರಿಯಾಪದದ ಜೊತೆ ಬರತ್ತೆ?

ಮೂರು ಗಟ್ಟಿ ಮಾಡ್ಕೊಳ್ಳಿ ಸಾಕು. ‘ತೊರಿಕುಮು’, ಅಂದ್ರೆ ಕೆಲಸ ಅಥವಾ ಸಮಸ್ಯೆಗೆ ಕೈ ಹಾಕೋದು. ‘ಮುಕಿಅಉ’, ಎದುರುಬದುರಾಗಿ ನಿಲ್ಲೋದು, ಕಾಯಿಲೆ, ಹಳೇ ತಪ್ಪು, ಮಗುವಿನ ಕಷ್ಟ ಇಂಥದ್ದರ ಜೊತೆ. ಮೂರನೇದು ‘ಉಕೆತೊಮೆರು’, ಎಲ್ಲಕ್ಕಿಂತ ಜಾಸ್ತಿ ಕಿವಿಗೆ ಬೀಳೋದು ಇದು. ‘ಉಕೆರು’ ಅಂದ್ರೆ ತಗೊಳೋದು, ‘ತೊಮೆರು’ ಅಂದ್ರೆ ನಿಲ್ಲಿಸೋದು, ಎರಡೂ ಸೇರಿದ್ರೆ ಬಂದಿದ್ದನ್ನ ಹಿಡಿದು ನಿಲ್ಲಿಸ್ಕೊಳೋದು. ಇದಕ್ಕೆ ತದ್ವಿರುದ್ಧ ‘ಕಿಕಿನಗಸು’, ಕೇಳಿ ಹರಿಯೋಕೆ ಬಿಡೋದು, ನಾವು ಈ ಕಿವೀಲಿ ಕೇಳಿ ಆ ಕಿವೀಲಿ ಬಿಟ್ಟ ಅಂತೀವಲ್ಲ ಅದೇ. ಹಾಗಾಗಿ ‘ಶಿನ್‌ಶಿ ನಿ ಉಕೆತೊಮೆರು’ ಅಂದ್ರೆ ನೀವು ಹೇಳಿದ್ದು ನನ್ನ ಕಿವಿ ದಾಟಿ ಹೋಗಲಿಲ್ಲ, ಒಳಗೆ ನಿಂತಿದೆ ಅಂತ. ಇದು ಭಾರದ ಮಾತು, ಹೇಳಿದ ಮೇಲೆ ಹೊಣೆ ಬರತ್ತೆ.

ಮಜಿಮೆ, ಶಿನ್‌ಕೆನ್, ಸೇಜಿತ್ಸು, ನೆಶ್ಶಿನ್, ಇಶ್ಶೋಕೆನ್‌ಮೇ... ಇಷ್ಟೆಲ್ಲಾ ಇರುವಾಗ ಇದೊಂದು ಯಾಕೆ?

ಜಾಸ್ತಿ ಜನ ಕೇಳೋ ಪ್ರಶ್ನೆ ಇದು, ಉತ್ತರವೂ ಸ್ವಲ್ಪ ಉದ್ದ ಆಗತ್ತೆ.

ಮಜಿಮೆ ದಿನಬಳಕೆ ಪದ. ಕ್ಲಾಸಿಗೆ ಸರಿಯಾಗಿ ಬರ್ತಾನೆ, ಹೋಮ್‌ವರ್ಕ್ ಮಾಡ್ತಾನೆ, ಸುಮ್ನೆ ಕಾಲಹರಣ ಮಾಡಲ್ಲ, ಅಂಥವನು ಮಜಿಮೆ. ಒಬ್ಬ ಮನುಷ್ಯನ ಸ್ವಭಾವಕ್ಕೆ ಆರಾಮಾಗಿ ಹೇಳ್ಬಹುದು, ಸ್ವಲ್ಪ ನೀರಸ ಮನುಷ್ಯ ಅನ್ನೋ ಛಾಯೆ ಕೂಡ ಒಮ್ಮೊಮ್ಮೆ ಸೇರ್ಕೊಳತ್ತೆ. ಶಿನ್‌ಕೆನ್‌ನ ಅಕ್ಷರಾರ್ಥ ನಿಜವಾದ ಕತ್ತಿ, ಅಭ್ಯಾಸದ ಮರದ ಕತ್ತಿ ಅಲ್ಲ, ಹಾಗಾಗಿ ತಮಾಷೆ ಬಿಟ್ಟು ಪಣಕ್ಕಿಟ್ಟು ಮಾಡೋದು, ಆ ಕ್ಷಣದ ತೀವ್ರತೆ ಅದರಲ್ಲಿದೆ. ಪರೀಕ್ಷೆಗೆ ಶಿನ್‌ಕೆನ್ ಆಗಿ ಓದ್ಬಹುದು, ಕ್ರಿಕೆಟ್ ಮ್ಯಾಚನ್ನೂ ಶಿನ್‌ಕೆನ್ ಆಗಿ ಆಡ್ಬಹುದು. ನೆಶ್ಶಿನ್ ಅಂದ್ರೆ ಉತ್ಸಾಹ, ಅದರಲ್ಲಿ ಪ್ರಾಮಾಣಿಕತೆ ಇರ್ಲೇಬೇಕು ಅಂತಿಲ್ಲ, ಮಾಲು ಮಾರೋನೂ ನೆಶ್ಶಿನ್ ಆಗಿರ್ಬಹುದು. ಇಶ್ಶೋಕೆನ್‌ಮೇ ಅಂದ್ರೆ ಜೀವ ತೇಯ್ದು ದುಡಿಯೋದು. ಅದರ ಹಳೇ ರೂಪ ಇಶ್ಶೊಕೆನ್‌ಮೇ, ಅಂದ್ರೆ ‘ಒಂದು ಜಾಗಕ್ಕಾಗಿ ಜೀವ’, ಸಮುರಾಯ್ ತನಗೆ ಸಿಕ್ಕಿದ ಒಂದು ತುಂಡು ನೆಲ ಕಾಪಾಡೋಕೆ ಜೀವ ಕೊಡೋದರಿಂದ ಬಂದಿದ್ದು.

ಶಿನ್‌ಶಿಗೆ ತೀರಾ ಹತ್ತಿರ ಇರೋದು ಸೇಜಿತ್ಸು. ಎರಡರಲ್ಲೂ ಪ್ರಾಮಾಣಿಕತೆ ಇದೆ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಹೀಗೆ: ಸೇಜಿತ್ಸು ಮನುಷ್ಯರ ನಡುವಿನ ನಂಬಿಕೆಯ ಕಡೆ ನೋಡತ್ತೆ, ಮೋಸ ಮಾಡಲ್ಲ, ಕೊಟ್ಟ ಮಾತಿಗೆ ತಪ್ಪಲ್ಲ. ಶಿನ್‌ಶಿ ಎದುರಿಗಿರೋ ವಿಷಯದ ಕಡೆ ನೋಡತ್ತೆ, ತಪ್ಪಿಸ್ಕೊಳ್ಳಲ್ಲ, ಹಗುರ ಮಾಡಲ್ಲ. ಮದುವೆಗೆ ಹುಡುಗ ಹೇಗೆ ಅಂತ ಕೇಳಿದ್ರೆ ‘ಸೇಜಿತ್ಸು ನ ಹಿತೊ’ ಅಂತ ಹೇಳೋದು ಸಹಜ. ಅವನ ಮೇಲೆ ಬಂದ ದೂರನ್ನ ಅವನು ಹೇಗೆ ತಗೊಂಡ ಅಂತ ಹೇಳೋಕೆ ಶಿನ್‌ಶಿ ಬೇಕಾಗತ್ತೆ.

ಇದು ಮಾತಾಡೋ ಪದನಾ, ಬರಿಯೋ ಪದನಾ?

ಬರಿಯೋ ಪದ, ಭಾಷಣದ ಪದ. ಫ್ರೆಂಡ್ಸ್ ಜೊತೆ ಹಾಕಿದ್ರೆ ಪತ್ರಿಕೆ ಓದಿದ ಹಾಗೆ ಕೇಳ್ಸತ್ತೆ, ಅಲ್ಲಿ ಮಜಿಮೆ ಅಥವಾ ಹೊಂಕಿ (ತಮಾಷೆಗಲ್ಲ, ಸೀರಿಯಸ್ ಆಗಿ) ಸಾಕು.

ಆಫೀಸ್ ಮೇಲ್‌ನಲ್ಲಿ ಹೇಗೆ ಬಳಸ್ಬೇಕು?

ಕ್ಲೈಂಟ್ ತಪ್ಪು ತೋರಿಸಿದಾಗ ಬರಿಯೋ ವಾಕ್ಯ ಹೆಚ್ಚುಕಮ್ಮಿ ಅಚ್ಚು ಹಾಕಿದ ಹಾಗೆ ಇರತ್ತೆ: ‘ಗೊಶಿತೆಕಿ ಒ ಶಿನ್‌ಶಿ ನಿ ಉಕೆತೊಮೆ, ಸೈಹತ್ಸು ಬೋಶಿ ನಿ ತ್ಸುತೊಮೆತೆ ಮೈರಿಮಸು’. ನೀವು ತೋರಿಸಿಕೊಟ್ಟಿದ್ದನ್ನ ಮನಸ್ಸಿಗೆ ತಗೊಂಡು, ಮತ್ತೆ ಹೀಗಾಗದ ಹಾಗೆ ಪ್ರಯತ್ನ ಪಡ್ತೀವಿ ಅಂತ ಅರ್ಥ. ಗ್ರಾಮರ್ ಸರಿ, ಗೌರವ ಸರಿ, ಕಳಿಸಿದ್ರೆ ಯಾರೂ ಏನೂ ಅನ್ನಲ್ಲ.

ಆದ್ರೆ ದಯವಿಟ್ಟು ಅಲ್ಲಿಗೇ ನಿಲ್ಲಿಸ್ಬೇಡಿ. ಈ ವಾಕ್ಯ ಒಂದು ಬಾಗಿಲು ಇದ್ದ ಹಾಗೆ, ಅದರ ಹಿಂದೆ ರೂಮ್ ಇರ್ಬೇಕು. ಅಂದ್ರೆ ಮುಂದಿನ ಸಾಲಲ್ಲಿ ಏನು ತಪ್ಪಾಯ್ತು, ಯಾಕಾಯ್ತು, ಯಾವ ತಾರೀಖಿನೊಳಗೆ ಯಾರು ಸರಿ ಮಾಡ್ತಾರೆ, ಇದಿಷ್ಟು ಬರ್ಬೇಕು. ಜಪಾನಿ ಕಡೆಯವರು ಮೇಲ್ ಓದುವಾಗ ಮೊದಲ ಸಾಲನ್ನ ಶಿಷ್ಟಾಚಾರ ಅಂತ ದಾಟಿ ನೇರ ಅಲ್ಲಿಗೇ ಕಣ್ಣು ಹಾಕ್ತಾರೆ, ಅಲ್ಲಿ ಖಾಲಿ ಇದ್ರೆ ಮೇಲಿನ ಶಿನ್‌ಶಿ ಇದ್ದಕ್ಕಿಂತ ಇಲ್ಲದೇ ಇದ್ರೇನೇ ಚೆನ್ನಾಗಿತ್ತು ಅನ್ನಿಸತ್ತೆ. ಸಣ್ಣ ವಿಷಯಕ್ಕೂ ಹಾಕ್ಬೇಡಿ. ಅಟ್ಯಾಚ್‌ಮೆಂಟ್ ಮರೆತಿದ್ದಕ್ಕೆ ಶಿನ್‌ಶಿ ಬೇಕಾಗಿಲ್ಲ, ‘ಶಿತ್ಸುರೇ ಇತಶಿಮಶಿತ’ (ತಪ್ಪಾಯ್ತು, ಕ್ಷಮಿಸಿ) ಅಂದು ಫೈಲ್ ಕಳಿಸಿದ್ರೆ ಆಯ್ತು.

ಇಂಟರ್‌ವ್ಯೂನಲ್ಲಿ ‘ನಾನು ಶಿನ್‌ಶಿ ಮನುಷ್ಯ’ ಅಂತ ಹೇಳ್ಕೋಬಹುದಾ?

ವ್ಯಾಕರಣ ತಪ್ಪಲ್ಲ, ಆದ್ರೆ ನಮಗೆ ನಾವೇ ಸರ್ಟಿಫಿಕೇಟ್ ಕೊಟ್ಕೊಂಡ ಹಾಗೆ ಆಗತ್ತೆ. ‘ಶಿನ್‌ಶಿ ನಿ ತೊರಿಕುಂದೆ ಮೈರಿಮಸು’, ಶ್ರದ್ಧೆಯಿಂದ ಕೆಲಸ ಮಾಡ್ತೀನಿ ಅನ್ನೋದು ಒಳ್ಳೇದು, ಯಾಕಂದ್ರೆ ಅದು ಮಾಡೋದರ ಬಗ್ಗೆ ಹೇಳತ್ತೆ. ಗುಣ ಹೇಳ್ಲೇಬೇಕು ಅಂದ್ರೆ ಒಂದು ಘಟನೆ ಹೇಳಿ, ‘ಇವರು ಶಿನ್‌ಶಿ’ ಅಂತ ಅವರೇ ಅಂದ್ಕೊಳ್ಳಲಿ.

ರಾಜಕಾರಣಿಗಳು ಈ ಪದ ಬಳಸಿದ್ರೆ ಜಪಾನಿನವರೇ ಯಾಕೆ ಬೇಜಾರಾಗ್ತಾರೆ?

ಯಾಕಂದ್ರೆ ಪದ ಬರತ್ತೆ, ಅದರ ಹಿಂದೆ ಏನೂ ಬರಲ್ಲ. ಒಂದು ಉದಾಹರಣೆ ಕೊಡ್ತೀನಿ, ಇದು ತಿಳ್ಕೊಂಡ್ರೆ ಪದದ ಇವತ್ತಿನ ಸ್ಥಿತಿ ಪೂರ್ತಿ ಅರ್ಥ ಆಗತ್ತೆ. ಜಪಾನಿನ ಒಕಿನಾವಾ ದ್ವೀಪದಲ್ಲಿ ಅಮೆರಿಕದ ಫುತೆನ್ಮ ವಾಯುನೆಲೆ ಇದೆ, ಸುತ್ತ ಊರು ತುಂಬಿರೋದ್ರಿಂದ ಅದನ್ನ ಅದೇ ದ್ವೀಪದ ಹೆನೊಕೊ ಅನ್ನೋ ಕಡಲ ತೀರಕ್ಕೆ ಸ್ಥಳಾಂತರ ಮಾಡ್ಬೇಕು ಅಂತ ಪ್ಲಾನ್, ಅದಕ್ಕೆ ಸಮುದ್ರಕ್ಕೆ ಮಣ್ಣು ತುಂಬ್ಬೇಕು. 2019ರ ಫೆಬ್ರವರಿ 24ಕ್ಕೆ ಆ ಪ್ರಾಂತ್ಯದಲ್ಲಿ ಜನಮತ ಕೇಳಿದ್ರು, ಓಟು ಹಾಕಿದವರಲ್ಲಿ ಸುಮಾರು 72% ಜನ ಮಣ್ಣು ತುಂಬೋದು ಬೇಡ ಅಂದ್ರು. ಮಾರನೇ ದಿನ ಪ್ರಧಾನಿ ಶಿಂಜೊ ಅಬೆ ಈ ಫಲಿತಾಂಶವನ್ನ ಶಿನ್‌ಶಿಯಾಗಿ ಸ್ವೀಕರಿಸ್ತೀವಿ ಅಂದ್ರು. ಮಣ್ಣು ತುಂಬೋ ಕೆಲಸ ನಿಲ್ಲಲಿಲ್ಲ. ಜನಮತಕ್ಕೆ ಕಾನೂನಿನ ಬಲ ಇರಲಿಲ್ಲ ನಿಜ, ಸರ್ಕಾರಕ್ಕೆ ಅದರದ್ದೇ ಆದ ವಾದ ಇತ್ತು, ಅದೂ ನಿಜ. ಆದ್ರೆ ಒಕಿನಾವಾದ ಜನರ ಜಾಗದಲ್ಲಿ ನಿಂತು ಆ ಮಾತು ಕೇಳಿ ನೋಡಿ. ‘ಒಪ್ಪಲ್ಲ’ ಅಂತ ನೇರ ಅಂದಿದ್ರೆ ಸಿಟ್ಟು ಬರ್ತಿತ್ತು, ಜಗಳ ಆದ್ರೂ ಆಡ್ಬಹುದಿತ್ತು, ‘ಮನಸ್ಸಿಟ್ಟು ಸ್ವೀಕರಿಸ್ತೀವಿ’ ಅಂತ ಹೇಳಿ ಅದೇ ಕೆಲಸ ಮುಂದುವರಿಸಿದ್ರೆ ಜಗಳ ಆಡೋಕೂ ಏನೂ ಉಳಿಯಲ್ಲ.

ಅಧಿಕಾರದ ಭಾಷೆಯಲ್ಲಿ ಇದರ ಜೊತೆಗಾರರು ಇನ್ನೂ ಇದಾರೆ. ‘ಗೆನ್‌ಶುಕು ನಿ ಉಕೆತೊಮೆರು’ ಅಂದ್ರೆ ಗಂಭೀರವಾಗಿ, ‘ಒಮೊಕು ಉಕೆತೊಮೆರು’ ಅಂದ್ರೆ ಭಾರವಾಗಿ, ಆಮೇಲೆ ‘ಇಕನ್’, ವಿಷಾದ. ನ್ಯೂಸ್ ಕೇಳೋ ಅಭ್ಯಾಸ ಇದ್ರೆ ಇವು ಒಂದರ ಹಿಂದೆ ಒಂದು ಬರೋದು ಗೊತ್ತಾಗತ್ತೆ. ಇಷ್ಟಾದ್ರೂ ಪದ ಸತ್ತಿಲ್ಲ ಅಂತ ನಾನು ಗಟ್ಟಿಯಾಗಿ ನಂಬಿದೀನಿ, ಯಾಕಂದ್ರೆ ಸತ್ತ ಪದವನ್ನ ಸುಳ್ಳಾಗಿ ಬಳಸಿದ್ರೆ ಯಾರಿಗೂ ನೋವಾಗಲ್ಲ, ಇದಕ್ಕೆ ಇನ್ನೂ ಆಗತ್ತೆ.

ಕಾನೂನಿನಲ್ಲಿ ಈ ಪದ ಇದ್ಯಾ?

ಮುಖ್ಯ ಕಾನೂನುಗಳಲ್ಲಿ ಈ ಜಾಗದಲ್ಲಿ ನಿಮಗೆ ಸಿಗೋದು ಸೇಜಿತ್ಸು. ಜಪಾನಿನ ಸಿವಿಲ್ ಕೋಡ್‌ನ 1ನೇ ವಿಧಿಯ 2ನೇ ಭಾಗ, ಹಕ್ಕು ಚಲಾಯಿಸೋದು, ಕರ್ತವ್ಯ ಮಾಡೋದು ಎರಡೂ ನಂಬಿಕೆಗೆ ತಕ್ಕಂತೆ ಸೇಜಿತ್ಸು ಆಗಿ ಇರ್ಬೇಕು ಅನ್ನತ್ತೆ, ವಕೀಲರು ಇದನ್ನ ಚಿಕ್ಕದಾಗಿ ‘ಶಿನ್‌ಗಿಸೊಕು’ ಅಂತಾರೆ. ಯುದ್ಧ ಬಿಟ್ಟುಕೊಡೋ ಸಂವಿಧಾನದ 9ನೇ ವಿಧಿಯಲ್ಲೂ ಜಪಾನಿನ ಜನ ಶಾಂತಿಯನ್ನ ‘ಸೇಜಿತ್ಸು ನಿ’ ಬಯಸ್ತಾರೆ ಅಂತಾನೇ ಇದೆ. ಕೋರ್ಟಲ್ಲಿ ಇಬ್ಬರ ನಡುವಿನ ನಂಬಿಕೆ ಅಳೀಬೇಕಲ್ಲ, ಅಲ್ಲಿಗೆ ಸೇಜಿತ್ಸುನೇ ಹೊಂದೋದು.

ಮ್ಯಾನೇಜ್‌ಮೆಂಟ್ ಟ್ರೇನಿಂಗ್‌ಗಳಲ್ಲಿ ಶಿನ್‌ಶಿಸ, ಶಿನ್‌ಶಿಸ ಅಂತಾರಲ್ಲ, ಅದೆಲ್ಲಿಂದ ಬಂತು?

ಮ್ಯಾನೇಜ್‌ಮೆಂಟ್ ಬಗ್ಗೆ ಬರೆದ ಹೆಸರಾಂತ ಲೇಖಕ ಪೀಟರ್ ಡ್ರಕ್ಕರ್‌ನಿಂದ. ಅವರ ಬರಹದಲ್ಲಿ ಬರೋ ‘ಇಂಟೆಗ್ರಿಟಿ’ಗೆ ಜಪಾನೀ ಅನುವಾದಕ ಉಎದ ಅತ್ಸುಒ ‘ಶಿನ್‌ಶಿಸ’ ಅಂತ ಹಾಕಿದ್ರು. ಉಳಿದಿದ್ದೆಲ್ಲಾ ಕಲೀಬಹುದು, ಆದ್ರೆ ಮ್ಯಾನೇಜರ್ ಆಗೋನು ಈ ಒಂದು ಗುಣವನ್ನ ಬರ್ತಾನೇ ತಂದಿರ್ಬೇಕು ಅನ್ನೋ ಡ್ರಕ್ಕರ್ ಮಾತು ಜಪಾನಿನ ಓದುಗರ ಮನಸ್ಸಲ್ಲಿ ಈ ಪದದ ಜೊತೆಗೇ ಕೂತುಬಿಡ್ತು. ಆಮೇಲೆ 2009ರಲ್ಲಿ, ಹೈಸ್ಕೂಲ್ ಬೇಸ್‌ಬಾಲ್ ತಂಡದ ಮ್ಯಾನೇಜರ್ ಹುಡುಗಿಯೊಬ್ಬಳು ಡ್ರಕ್ಕರ್ ಓದೋ ಕಥೆಯ ಕಾದಂಬರಿ ಒಂದು ಬಂದು ಲಕ್ಷಗಟ್ಟಲೆ ಖರ್ಚಾಯ್ತು, ಅದರಿಂದ ಮ್ಯಾನೇಜ್‌ಮೆಂಟ್ ಗೊತ್ತಿಲ್ಲದ ಮಕ್ಕಳಿಗೂ ಶಿನ್‌ಶಿಸ ಗೊತ್ತಾಯ್ತು. ನಿಮ್ಮ ಜಪಾನಿ ಬಾಸ್ ಈ ಪದ ಹೇಳಿದ್ರೆ ಬರೀ ‘ಶ್ರದ್ಧೆ’ ಅಂತ ತಿಳ್ಕೋಬೇಡಿ, ನಡೆ ನುಡಿ ಒಂದಾಗಿರೋದು ಅನ್ನೋ ಅರ್ಥವೂ ಅದರಲ್ಲಿ ಸೇರಿರ್ಬಹುದು.

ಮಕೊತೊ ಅಂತ ಇನ್ನೊಂದು ಪದ ಕೇಳಿದೀನಿ, ಅದಕ್ಕೂ ಇದಕ್ಕೂ ಸಂಬಂಧ?

ಅರ್ಥದಲ್ಲಿ ನೆಂಟರು, ಹವೆ ಬೇರೆ. ಮಕೊತೊ (ಪ್ರಾಮಾಣಿಕತೆ) ಹಳೇ, ಎದೆಯೊಳಗಿನ ಪದ. 1863ರಲ್ಲಿ ಕ್ಯೋತೊದಲ್ಲಿ ಹುಟ್ಟಿದ ಶಿನ್‌ಸೆನ್‌ಗುಮಿ ಅನ್ನೋ ಕತ್ತಿವೀರರ ಪಡೆಯ ಬಾವುಟದ ಮೇಲೆ ಇದ್ದಿದ್ದು ಇದೊಂದೇ ಅಕ್ಷರ. ಅವರ ಎದುರು ಪಕ್ಷದವರು ಗುರು ಅಂತ ತಿಳ್ಕೊಂಡಿದ್ದ, ಹಗಿ ಊರಿನ ಯೊಶಿದ ಶೋಇನ್, 1859ರಲ್ಲಿ ಮರಣದಂಡನೆಗೆ ಗುರಿಯಾದ, ಅವನು ಎತ್ತಿ ಹಿಡಿದಿದ್ದು ‘ಶಿಸೇ’, ಅಂದ್ರೆ ಪರಮ ಪ್ರಾಮಾಣಿಕತೆ, ಅದನ್ನ ಬರಿಯೋದೂ ಅದೇ ಮಕೊತೊ ಅಕ್ಷರದಿಂದ. ಅದು ಇದ್ರೆ ಕರಗದ ಮನುಷ್ಯ ಇಲ್ಲ ಅನ್ನೋ, ಹಳೇ ಚೀನಾದ ತತ್ವಜ್ಞಾನಿ ಮೆನ್ಷಿಯಸ್‌ನ ಮಾತು ಅವನಿಗೆ ತುಂಬಾ ಪ್ರಿಯ. ಒಬ್ಬರನ್ನೊಬ್ಬರು ಕೊಲ್ಲೋಕೆ ನಿಂತ ಎರಡು ಕಡೆಯವರೂ ಒಂದೇ ಅಕ್ಷರವನ್ನ ನಂಬಿದ್ರು. ಇದನ್ನ ಯೋಚನೆ ಮಾಡಿದಾಗೆಲ್ಲಾ ನನಗೆ ಅನ್ಸೋದು, ಮನಸ್ಸು ಶುದ್ಧ ಇದ್ದ ಮಾತ್ರಕ್ಕೆ ದಾರಿ ಸರಿ ಇರತ್ತೆ ಅಂತ ಇಲ್ಲ. ಶಿನ್‌ಶಿಗೆ ಈ ಬಿಸಿ ಇಲ್ಲ, ಅದು ತಣ್ಣಗೆ ಕೂತು ಎದುರಿನವರ ಮಾತು ಕೇಳೋ ಪದ, ಅದಕ್ಕೇ ನನಗೆ ಅದು ಇಷ್ಟ.

ಚೈನೀಸ್, ಕೊರಿಯನ್‌ನಲ್ಲೂ ಇದೇ ಪದನಾ?

ಅಕ್ಷರ ಅದೇ, ಬಳಕೆ ಬೇರೆ. ಚೈನೀಸ್‌ನಲ್ಲಿ ‘ಝೆನ್‌ಝಿ’, ಸ್ನೇಹ, ಪ್ರೀತಿಯಂಥ ಬೆಚ್ಚಗಿನ ಭಾವನೆಗೆ ಹೇಳ್ತಾರೆ. ಕೊರಿಯನ್‌ನಲ್ಲಿ ‘ಜಿಂಜಿಹದ’, ಅದು ದಿನಾ ಬಳಸೋ ಪದ, ‘ಸೀರಿಯಸ್ ಆಗಿ ಹೇಳ್ತಿದೀನಿ’ ಅನ್ನೋ ಕಡೆಯೆಲ್ಲಾ ಬರತ್ತೆ. ಕೆ-ಡ್ರಾಮಾ ನೋಡಿ ಅದೇ ಧಾಟೀಲಿ ಜಪಾನೀಸ್‌ನಲ್ಲಿ ಹಾಕೋಕೆ ಹೋಗ್ಬೇಡಿ.

ಜೆಎಲ್‌ಪಿಟಿಗೆ (ಜಪಾನೀಸ್ ಭಾಷಾ ಸಾಮರ್ಥ್ಯ ಪರೀಕ್ಷೆಗೆ) ಓದ್ಲೇಬೇಕಾ?

ಎನ್‌1ಗೆ, ಅಂದ್ರೆ ಎಲ್ಲಕ್ಕಿಂತ ಮೇಲಿನ ಹಂತಕ್ಕೆ, ಹೋಗೋರು ಓದಿ. 2010ರಲ್ಲಿ ಪರೀಕ್ಷೆ ಎನ್‌1ರಿಂದ ಎನ್‌5ರವರೆಗೆ ಬದಲಾದ ಮೇಲೆ ಅಧಿಕೃತ ಪದಪಟ್ಟಿ ಪ್ರಕಟ ಮಾಡ್ತಿಲ್ಲ, ಆದ್ರೆ ತಯಾರಿ ಪುಸ್ತಕಗಳು ಇದನ್ನ ಸಾಮಾನ್ಯವಾಗಿ ಎನ್‌1 ಪದ ಅಂತಾನೇ ಕೊಡ್ತವೆ. ಓದೋ ಪಾಠದಲ್ಲಿ ಬಂದ್ರೆ ಬರೀ ಅರ್ಥ ಸಾಲಲ್ಲ, ಲೇಖಕ ಮೆಚ್ಚಿ ಹೇಳ್ತಿದಾನಾ ಅಥವಾ ‘ಬರೀ ಬಾಯಿಮಾತು’ ಅಂತ ಟೀಕಿಸ್ತಿದಾನಾ ಅಂತ ಮುಂದಿನ ವಾಕ್ಯದಲ್ಲಿ ಹುಡುಕಿ. ಬೆಂಗಳೂರಲ್ಲಿ ಬರೆಯೋರಿಗೆ ಇನ್ನೊಂದು ಮಾತು: ಕನ್ನಡ ಲಿಪೀಲಿ ನೋಟ್ಸ್ ಮಾಡ್ಕೊಳ್ಳಿ. ನಮ್ಮಲ್ಲಿ ಎ-ಏ, ಒ-ಓ ಎರಡೂ ಇರೋದ್ರಿಂದ ಜಪಾನೀಸ್‌ನ ಹ್ರಸ್ವ ದೀರ್ಘ ಸ್ಪಷ್ಟವಾಗಿ ಉಳಿಯತ್ತೆ.

ಕನ್ನಡದಲ್ಲಿ ಒಂದೇ ಪದ ಹೇಳಿ ಅಂದ್ರೆ?

ಒಂದೇ ಪದಕ್ಕೆ ಹಠ ಮಾಡೋದು ಬೇಡ. ಕೆಲಸದ ಜೊತೆ ಬಂದ್ರೆ ಶ್ರದ್ಧೆ, ಉತ್ತರದ ಜೊತೆ ಬಂದ್ರೆ ಪ್ರಾಮಾಣಿಕ, ಟೀಕೆ ಸ್ವೀಕರಿಸೋವಾಗ ‘ಮನಸ್ಸಿಗೆ ಹಚ್ಕೊಂಡು’. ತ್ರಿಕರಣಪೂರ್ವಕ ಅನ್ನೋದು ತೂಕದಲ್ಲಿ ಹತ್ತಿರ ಬರತ್ತೆ, ಮನಸ್ಸು, ಮಾತು, ಕೆಲಸ ಮೂರೂ ಸೇರಿರತ್ತಲ್ಲ, ಆದ್ರೆ ಆಫೀಸ್ ಅನುವಾದದಲ್ಲಿ ಹಾಕಿದ್ರೆ ಪೂಜೆಯ ಸಂಕಲ್ಪದ ಹಾಗೆ ಕೇಳ್ಸತ್ತೆ.

ಯಾರಾದ್ರೂ ನಮಗೇ ‘ಶಿನ್‌ಶಿ ನಿ ಉಕೆತೊಮೆಮಸು’ ಅಂದ್ರೆ ಏನು ಮಾಡ್ಬೇಕು?

ಮೊದಲು ನಂಬಿ, ಥ್ಯಾಂಕ್ಸ್ ಹೇಳಿ. ಹೇಳಿದವರು ನಿಜವಾಗ್ಲೂ ಹಾಗೇ ಅಂದ್ಕೊಂಡಿರೋ ಸಾಧ್ಯತೆ ಜಾಸ್ತಿ. ಆಮೇಲೆ ಮುಂದೇನು ಅಂತ ಕೇಳೋಕೆ ಸಂಕೋಚ ಪಡ್ಬೇಡಿ, ಅದು ಒರಟುತನ ಅಲ್ಲ. ‘ಗುತೈತೆಕಿ ನಿ ವ, ದೊನೊ ಯೋ ನ ತೈಓ ಒ ಗೊಯೊತೇ ದೆಶೋ ಕ’, ನಿರ್ದಿಷ್ಟವಾಗಿ ಯಾವ ಥರ ಕ್ರಮ ತಗೊಳೋ ಯೋಚನೆ ಇದೆ ಅಂತ ಮರ್ಯಾದೆಯಿಂದ ಕೇಳೋ ವಾಕ್ಯ ಇದು. ಫೋನಲ್ಲಿ ಕೇಳೋದಕ್ಕಿಂತ ಮೇಲ್‌ನಲ್ಲಿ ಕೇಳಿ, ಉತ್ತರಕ್ಕೆ ಎರಡು ಮೂರು ದಿನ ಟೈಮ್ ಕೊಡಿ, ಅವರು ಒಳಗೆ ಎಲ್ಲರ ಒಪ್ಪಿಗೆ ತಗೊಂಡು ಬರ್ಬೇಕಾಗಿರತ್ತೆ.